ಮನೆ ಕಟ್ಟುವುದು, ಮನೆ ಮಾಡುವುದು

ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಎರಡು ತಿಂಗಳಾಗಿರುವ ನೀವು ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ. ನಾಲ್ಕೈದು ವರ್ಷಗಳಲ್ಲಿ ಊರಿಗೆ ಹಿಂದಿರುಗುವ ಯೋಚನೆ ಇರುವಾಗ, ಅಡುಗೆ ಕಟ್ಟೆಯೂ ಇಲ್ಲದ ಬಾಡಿಗೆ ಮನೆಗೆ ಕೈಯಿಂದ ಹಣ ಹಾಕುವುದು ಸರಿಯೇ? ತಿಂಗಳು ತಿಂಗಳು ಬಾಡಿಗೆ ತೆರುವ ಬದಲು ಇಲ್ಲಿಯೇ ಒಂದು ಮನೆ ಕೊಳ್ಳಬಹುದೇ? ತಂದೆತಾಯಿಯರನ್ನು ಕರೆಸಿ ಜೊತೆಯಲ್ಲಿ ಇರಿಸಿಕೊಳ್ಳಲು ಸಾಧ್ಯವೇ? ಕೊನೆಯ ಎರಡಕ್ಕೆ ನನ್ನ ಉತ್ತರ ಚಿಕ್ಕದು. ಮೊದಲನೆಯದನ್ನು ಓದಿದಾಗ ಮಾತ್ರ 2004ರ ನವೆಂಬರ್ ತಿಂಗಳ ಒಂದು ಸಂಜೆ ಕಣ್ಣೆದುರು ಬಂದು ನಿಂತಿತು.

ಆ ಸಂಜೆ ಮನೆಯ ಯಜಮಾನರು ಬೀಗದ ಕೈ ಕೊಟ್ಟು ಹೋದ ಮೇಲೆ ಒಳಗೆ ಕಾಲಿಟ್ಟರೆ, ಛಾವಣಿಯಿಂದ ದೀಪಗಳ ಜಾಗದಲ್ಲಿ ಬರಿಯ ತಂತಿಗಳು ಇಳಿಬಿದ್ದಿದ್ದವು. ಅಡುಗೆಮನೆಯಲ್ಲಿ ಗೋಡೆಯಿಂದ ಹೊರಬಂದ ನೀರಿನ ಕೊಳವೆಗಳನ್ನು ಬಿಟ್ಟರೆ ಏನೂ ಇರಲಿಲ್ಲ. ನನ್ನ ಮನೆಯವರು ಕೈಚೀಲವನ್ನು ಕೆಳಗಿಡದೆ ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಮನೆ ಬಿಟ್ಟು ಹೋಗುವವರು ದೀಪ, ಒಲೆ, ಕಪಾಟು, ಸಿಂಕುಗಳನ್ನೂ ಕಳಚಿಕೊಂಡು ಹೋಗುವುದು ಇಲ್ಲಿ ಸಾಮಾನ್ಯವೆಂದು ತಿಳಿದಾಗ, ಇದೆಂಥ ಜಿಪುಣತನ ಎಂದು ನಾನು ಎಲ್ಲರೆದುರಿಗೂ ಹೇಳುತ್ತಿದ್ದೆ.

ಅದು ಜಿಪುಣತನವಲ್ಲವೆಂದು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಗಳಲ್ಲಿದ್ದಾರೆ, ಅವರಲ್ಲಿ ಅನೇಕರು ಒಂದೇ ಮನೆಯಲ್ಲಿ ದಶಕಗಳನ್ನು ಕಳೆಯುತ್ತಾರೆ. ಕಾನೂನೂ ಅದಕ್ಕೆ ಒತ್ತಾಸೆಯಾಗಿದೆ: ಬಾಡಿಗೆದಾರ ಮೂರು ತಿಂಗಳ ಮುಂಚೆ ತಿಳಿಸಿ ಬಿಡಬಹುದು, ಆದರೆ ಮಾಲೀಕರು ಬಿಡಿಸಬೇಕಾದರೆ ತಮ್ಮ ಕುಟುಂಬದ ವಾಸಕ್ಕೇ ಬೇಕು ಎನ್ನುವಂಥ ಒಪ್ಪತಕ್ಕ ಕಾರಣ ಇರಬೇಕು, ಮತ್ತು ಅವರು ಕೊಡಬೇಕಾದ ಕಾಲಾವಕಾಶ ನಾವು ಐದು ವರ್ಷ ಇದ್ದ ಮೇಲೆ ಆರು ತಿಂಗಳಿಗೆ, ಎಂಟು ವರ್ಷ ಇದ್ದ ಮೇಲೆ ಒಂಬತ್ತು ತಿಂಗಳಿಗೆ ಏರುತ್ತದೆ. ಹೀಗಿರುವಾಗ ಅವರು ಬಾಡಿಗೆ ಮನೆಯನ್ನು ಸ್ವಂತದ್ದೆಂದೇ ಬಗೆದು, ತಮಗೆ ಹಿಡಿಸಿದ ಅಡುಗೆಮನೆಯನ್ನು ತಾವೇ ಹಾಕಿಸಿಕೊಳ್ಳುತ್ತಾರೆ, ಹೋಗುವಾಗ ತಮ್ಮದನ್ನು ತಾವು ಒಯ್ಯುತ್ತಾರೆ.

ನಮ್ಮ ಮಾತಿನಲ್ಲಿಯೂ ಮನೆ ಕಟ್ಟುವುದು ಬೇರೆ, ಮನೆ ಮಾಡುವುದು ಬೇರೆ. ನೌಕರಿ ಸಿಕ್ಕ ಮಗ ಪಟ್ಟಣದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಹೆಂಡತಿಯನ್ನು ಕರೆದೊಯ್ದರೆ, ಅವನು ಮನೆ ಮಾಡಿದ ಎನ್ನುತ್ತೇವೆಯೇ ಹೊರತು ಅದು ಯಾರ ಆಸ್ತಿ ಎಂದು ಕೇಳುವುದಿಲ್ಲ. ನಾನು ಊರಿನಲ್ಲಿ ಮನೆ ಕಟ್ಟಿಸಿದೆ, ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ, ತಂದೆತಾಯಿ ಕೊನೆಯವರೆಗೂ ಅದರಲ್ಲಿಯೇ ನೆಮ್ಮದಿಯಾಗಿದ್ದರು. ಆದರೆ ಅದನ್ನು ಕಟ್ಟಿಸುವ ಭರದಲ್ಲಿ ಹನ್ನೊಂದು ವರ್ಷ ಇಲ್ಲಿ ಮನೆ ಮಾಡಲೇ ಇಲ್ಲ. ಹೇಗಿದ್ದರೂ ಹಿಂದಿರುಗುವವರು ಎಂದುಕೊಂಡು ಅಗ್ಗದ ಎರಡು ಒಲೆ, ಯಾರೋ ಕೊಟ್ಟ ಕಪಾಟು, ಪರದೆಯಿಲ್ಲದ ಕಿಟಕಿ, ಬಿಚ್ಚದ ಪೆಟ್ಟಿಗೆಗಳ ನಡುವೆ ದಿನ ದೂಡಿದೆವು. ನನ್ನ ಮಗಳು ಆ ಪೆಟ್ಟಿಗೆಗಳ ಮೇಲೆ ಪುಸ್ತಕವಿಟ್ಟುಕೊಂಡು ಬರೆಯಲು ಕಲಿತಳು.

ನಮ್ಮ ಮಹಡಿಯ ಎದುರು ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ನಲವತ್ತು ವರ್ಷಗಳಿಂದ ಅದೇ ಬಾಡಿಗೆ ಮನೆ. ಮೊದಲ ಚಳಿಗಾಲದಲ್ಲಿ ಬಿಸಿ ಹೊರಹೋದೀತೆಂದು ನಾವು ಕಿಟಕಿಗಳನ್ನೆಲ್ಲ ಬಿಗಿದು ಕೂತು, ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದಾಗ, ದಿನಕ್ಕೆರಡು ಮೂರು ಬಾರಿ ಐದು ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯಬೇಕೆಂದು ಕೈಸನ್ನೆಯಲ್ಲಿ ಕಲಿಸಿದವರು ಅವರೇ. ಮೆಟ್ಟಿಲು ಗುಡಿಸಿ ಒರೆಸುವ ಸರದಿಯ ಹಲಗೆಯನ್ನು, ಈ ಸೀಮೆಯವರು ಕೇರ್‌ವೋಖೆ ಎನ್ನುವ ಆ ಪದ್ಧತಿಯಂತೆ, ನಮ್ಮ ಬಾಗಿಲಿಗೆ ತೂಗುಹಾಕುವಾಗಲೆಲ್ಲ ಒಂದು ಗಳಿಗೆ ನಿಂತು ಮಾತಾಡುತ್ತಿದ್ದರು. ಮನೆಗೆ ಬನ್ನಿ ಎಂದು ಎರಡು ಬಾರಿ ಕರೆದರು. ಹೋದರೆ ನಾವೂ ಕರೆಯಬೇಕು, ಕರೆದರೆ ಕೂರಿಸಲು ಕುರ್ಚಿ ಬೇಕು, ಎಲ್ಲ ಒಂದಿಷ್ಟು ಸರಿಯಾಗಲಿ ಎಂದು ನಾವು ಮುಂದೂಡುತ್ತ ಬಂದೆವು. ಕರೆಯದೆ ಹೋಗುವವರ ನಾಡಿನಿಂದ ಬಂದ ನಾವು, ಕರೆದರೂ ಹೋಗದವರಾದೆವು. 2015ರಲ್ಲಿ ಅವರು ತೀರಿಕೊಂಡರು. ಅವರ ಮಗ ಬಂದು ಮನೆ ತೆರವು ಮಾಡುತ್ತಿದ್ದಾಗ ಬಾಗಿಲು ತೆರೆದಿತ್ತು, ಅಂದೇ ನಾನು ಆ ಮನೆಯ ಒಳಗನ್ನು ಮೊದಲ ಬಾರಿಗೆ ನೋಡಿದ್ದು. ಅಡುಗೆಮನೆಯನ್ನು ಕಳಚಿದ್ದರು. ಛಾವಣಿಯಿಂದ ತಂತಿಗಳು ಇಳಿಬಿದ್ದಿದ್ದವು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹಣ ಹಾಕಿ. ದುಬಾರಿಯದು ಬೇಡ, ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ಮಾರುವುದಾದರೆ ಚೌಕಾಸಿ ಮಾಡಿ ಕೊಂಡುಕೊಳ್ಳಿ, ಒಲೆಯ ಸಂಪರ್ಕವನ್ನು ಮಾತ್ರ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಠೇವಣಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ನಿಮಗಿದೆ. ಉಳಿದ ಹಣ ಮೇಜು ಕುರ್ಚಿಗಾಯಿತು.

ಮನೆ ಕೊಳ್ಳುವ ವಿಚಾರಕ್ಕೆ ಆತುರ ಬೇಡ. ಈ ರಾಜ್ಯದಲ್ಲಿ ಖರೀದಿಯ ತೆರಿಗೆಯೇ ಬೆಲೆಯ ಶೇಕಡ 5. ಅದರ ಮೇಲೆ ನೋಟರಿ, ನೋಂದಣಿಗಳ ಖರ್ಚು. ನಾಲ್ಕೈದು ವರ್ಷಕ್ಕೆ ಅದು ಗಿಟ್ಟುವುದು ಕಷ್ಟ. ತಂದೆತಾಯಿಯರ ವಿಷಯದಲ್ಲಿ ನೀವು ನಮಗಿಂತ ಅದೃಷ್ಟವಂತರು: 2024ರ ಮಾರ್ಚ್ 1ರಿಂದೀಚೆಗೆ ಮೊದಲ ಬಾರಿ ವಾಸಪತ್ರ ಪಡೆದ ಕುಶಲ ನೌಕರರು ತಂದೆತಾಯಿಯರನ್ನು ಕರೆಸಿಕೊಳ್ಳಲು ಅವಕಾಶವಿದೆ, ಆದರೆ ಅವರ ಜೀವನಾಂಶದ ಜೊತೆಗೆ ಆರೋಗ್ಯ ವಿಮೆಯನ್ನೂ ನೀವು ತೋರಿಸಬೇಕು, ವಯಸ್ಸಾದವರಿಗೆ ವಿಮೆ ಹೊಂದಿಸುವುದೇ ದೊಡ್ಡ ತೊಡಕು. ನಮ್ಮ ಕಾಲಕ್ಕೆ 90 ದಿನಗಳ ಭೇಟಿಯಷ್ಟೇ ಇತ್ತು. ಅಪ್ಪ ಒಮ್ಮೆ ಬಂದಿದ್ದರು. ಪೆಟ್ಟಿಗೆಗಳನ್ನು ನೋಡಿದರು, ಏನೂ ಹೇಳಲಿಲ್ಲ.

ಇನ್ನೊಂದು ಮಾತು. ಇಲ್ಲಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಸಂಖ್ಯೆ ಇರುವುದಿಲ್ಲ, ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕುತ್ತಾರೆ. ಕರೆಗಂಟೆ ಮತ್ತು ಅಂಚೆಪೆಟ್ಟಿಗೆಯ ಮೇಲೆ ನಿಮ್ಮಿಬ್ಬರ ಹೆಸರನ್ನೂ ಇಂದೇ ಅಂಟಿಸಿ. ಗೋಡೆಗೆ ಕಪಾಟು ಕೂರಿಸುವ ಕೆಲಸ ಭಾನುವಾರಕ್ಕೆ ಬೇಡ, ಅಂದು ಡ್ರಿಲ್ಲಿನ ಸದ್ದು ಮಾಡುವಂತಿಲ್ಲ. ಶನಿವಾರ ಬೆಳಿಗ್ಗೆ ಇಟ್ಟುಕೊಂಡರೆ ನನ್ನ ಡ್ರಿಲ್ ತೆಗೆದುಕೊಂಡು ನಾನೇ ಬರುತ್ತೇನೆ, ನನ್ನ ಮನೆಯವರೂ ಬರುತ್ತಾರೆ. ಎದುರು ಮನೆಯವರನ್ನು ಅಂದೇ ಸಂಜೆಗೆ ಕರೆಯಿರಿ. ಕುರ್ಚಿ ಸಾಲದಿದ್ದರೆ ನಮ್ಮ ಮನೆಯಿಂದ ತರುತ್ತೇವೆ.