ಭಾವನ ಕಾರು, ಕೂಟುಪುಳ ಗಡಿ ಮತ್ತು ಬೇಡದ ಬಾಂಡ್ ಪೇಪರ್

ಓದುಗರ ಪ್ರಶ್ನೆಗೆ ವಕೀಲರ ಉತ್ತರ

ಪ್ರಶ್ನೆ: ಭಾವ ಬೆಂಗಳೂರಿನಲ್ಲಿದ್ದಾರೆ, ಅವರ ಕಾರು ನಮ್ಮ ಮನೆಯಲ್ಲಿದೆ. ದುಬೈಯಿಂದ ಬರುವ ತಮ್ಮನನ್ನು ಕರೆತರಲು ಮನೆಯವರೆಲ್ಲ ಕಣ್ಣೂರು ಏರ್‌ಪೋರ್ಟ್‌ಗೆ ಹೋಗಬೇಕು. ಆರ್‌ಸಿ ಭಾವನ ಹೆಸರಿನಲ್ಲಿದೆ. ನೂರು ರೂಪಾಯಿ ಬಾಂಡ್ ಪೇಪರ್‌ನಲ್ಲಿ ಒಪ್ಪಿಗೆ ಪತ್ರ ಬರೆಸಿ ನೋಟರಿ ಮಾಡಿಸದಿದ್ದರೆ ಕೂಟುಪುಳದ ಕೇರಳ ಗಡಿಯಲ್ಲಿ ಗಾಡಿ ಹಿಡಿಯುತ್ತಾರಂತೆ. ನಿಜವಾ? (ಪೊನ್ನಂಪೇಟೆ)

ಉತ್ತರ: ನಿಜ ಅಲ್ಲ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಪ್ರತಿ ತಿಂಗಳು ಯಾರಾದರೂ ಬಾಂಡ್ ಪೇಪರ್ ಹಿಡಿದುಕೊಂಡು ಬರುತ್ತಾರೆ. ಸ್ವಂತ ಬಳಕೆಯ ಕಾರನ್ನು ಮಾಲೀಕರ ಒಪ್ಪಿಗೆ ಇದ್ದು ಬೇರೆಯವರು ಓಡಿಸುವುದಕ್ಕೆ ನೋಟರಿ ಪತ್ರ ಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕರ್ನಾಟಕಕ್ಕೂ ಕೇರಳಕ್ಕೂ ಇರುವುದು ಇದೊಂದೇ ಕಾಯ್ದೆ. ‘ಗಡಿ ದಾಟುವ ಪರ್ಮಿಷನ್ ಲೆಟರ್’ ಮಾಡಿಕೊಡುತ್ತೇನೆ ಅಂತ ದುಡ್ಡು ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಪೊಲೀಸರಿಗೆ ಅನುಮಾನ ಬಂದರೆ ಭಾವನಿಗೆ ಒಂದು ಫೋನ್ ಮಾಡಿಸಿದರೆ ಸಾಕು. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಬಿಳಿ ಹಾಳೆಯಲ್ಲಿ ಅವರ ಸಹಿ ಇರುವ ಎರಡು ಸಾಲು ಇಟ್ಟುಕೊಳ್ಳಿ.

ನಿಮ್ಮ ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಬೇಕೇ ಬೇಕು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ಆಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಆಗುವುದಿಲ್ಲ. ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿಗೆ ಇಳಿದ ಮೇಲೆ ನೆಟ್‌ವರ್ಕ್ ನಂಬಬೇಡಿ, ಆರ್‌ಸಿ ಕಾರ್ಡನ್ನೇ ತರಿಸಿಕೊಂಡು ಗಾಡಿಯಲ್ಲಿಡಿ.

ಗಡಿಯ ವಿಷಯ ಇಷ್ಟೇ. ನಾನು ಹೆದರುವುದು ಬೇರೆ ವಿಷಯಕ್ಕೆ, ಅದನ್ನು ಯಾರೂ ಕೇಳುವುದೇ ಇಲ್ಲ. ದಾರಿಯಲ್ಲಿ ಅಪಘಾತವಾದರೆ ಆ ಕಾರಿನ ಇನ್ಶೂರೆನ್ಸ್ ನಿಮಗೆ ಏನು ಕೊಡುತ್ತದೆ?

ಒಂದು ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಎಲ್ಲಕ್ಕಿಂತ ಮೇಲೆ ಬಾಂಡ್ ಪೇಪರ್. ನೋಟರಿಯ ಕೆಂಪು ಸೀಲು, ಅದಕ್ಕೆ ಲ್ಯಾಮಿನೇಷನ್ ಬೇರೆ. ಗಂಡ ಸ್ನೇಹಿತನ ಕಾರಿನಲ್ಲಿ ಹೋಗುವಾಗ ಮಾಕುಟ್ಟದ ತಿರುವಿನಲ್ಲಿ ಗಾಡಿ ಜಾರಿ ಮರಕ್ಕೆ ಹೊಡೆದಿತ್ತು. ಎದುರಿಗೆ ಬೇರೆ ಗಾಡಿ ಇರಲಿಲ್ಲ. ಅವರು ಅಲ್ಲೇ ತೀರಿಕೊಂಡರು. ಕವರಿನ ತಳದಲ್ಲಿ ಮಡಚಿಟ್ಟಿದ್ದ ಪಾಲಿಸಿ ಬಿಡಿಸಿ ನೋಡಿದೆ. ಬರೀ ಥರ್ಡ್ ಪಾರ್ಟಿ, ಅಂದರೆ ಆ ಗಾಡಿಯಿಂದ ಹೊರಗಿನವರಿಗೆ ಆಗುವ ನಷ್ಟಕ್ಕೆ ಮಾತ್ರ. ಆ ಪಾಲಿಸಿಯಿಂದ ಅವರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ ಅಂತ ನಾನೇ ಹೇಳಬೇಕಾಯಿತು. ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ.

ಯಾಕೆ ಸಿಗುವುದಿಲ್ಲ? ಕಾರನ್ನು ಎರವಲು ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಂತ ಹಾಗೆ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಅದು ಎರವಲು ಬೈಕ್ ಎತ್ತಿನ ಗಾಡಿಗೆ ಡಿಕ್ಕಿಯಾದ ಕೇಸು. 2020ರಲ್ಲೂ ಅದನ್ನೇ ಹೇಳಿತು. ನೀವು ‘ಥರ್ಡ್ ಪಾರ್ಟಿ’ ಅಲ್ಲ. ಪಾಲಿಸಿಯಲ್ಲಿ ಕಡ್ಡಾಯವಾಗಿರುವ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದೆಯಲ್ಲ, ಅದು ಕಾರಿನ ಮಾಲೀಕರಿಗೆ ಮಾತ್ರ. ಭಾವನಿಗೆ ಸಿಗುತ್ತದೆ, ನಿಮಗೆ ಸಿಗುವುದಿಲ್ಲ. ಎದುರಿನ ಗಾಡಿಯದೇ ತಪ್ಪಾಗಿದ್ದರೆ ಅದರ ಇನ್ಶೂರೆನ್ಸ್ ಮೇಲೆ ಕೇಸು ಹಾಕಬಹುದು, ಆ ಮಾತು ಬೇರೆ.

ಇನ್ನು ನಿಮ್ಮ ಜೊತೆ ಕೂತವರು. ಪ್ಯಾಕೇಜ್ ಪಾಲಿಸಿ, ಅಂದರೆ ನಾವು ಫುಲ್ ಇನ್ಶೂರೆನ್ಸ್ ಅನ್ನುವುದು, ಇದ್ದರೆ ಕಾರಿನೊಳಗಿನ ಪ್ರಯಾಣಿಕರಿಗೂ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಅದು ಇಲ್ಲ. ತೋಟದ ಮನೆಗಳಲ್ಲಿ ನಿಂತಿರುವ ಹಳೇ ಕಾರು, ಜೀಪುಗಳಿಗೆ ಜಾಸ್ತಿ ಇರುವುದು ಥರ್ಡ್ ಪಾರ್ಟಿಯೇ. ಮದುವೆ ಬಂದರೆ ಅದರಲ್ಲೇ ಅಜ್ಜಿ, ಮಕ್ಕಳು ಎಲ್ಲರನ್ನೂ ತುಂಬಿಕೊಂಡು ಇರಿಟ್ಟಿ ಕಡೆ ಇಳಿಯುತ್ತಾರೆ. ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ.

ನೀವು ಹೀಗೆ ಮಾಡಿ. ಇವತ್ತೇ ಭಾವನಿಗೆ ಫೋನ್ ಮಾಡಿ ಪಾಲಿಸಿ ತರಿಸಿಕೊಳ್ಳಿ. ಮೊದಲ ಪುಟದಲ್ಲೇ ಯಾವ ಪಾಲಿಸಿ, ಯಾವ ದಿನದವರೆಗೆ ಅಂತ ಇರುತ್ತದೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಮನೆಯವರನ್ನು ಅದರಲ್ಲಿ ಕರೆದುಕೊಂಡು ಹೋಗಬೇಡಿ, ಟ್ಯಾಕ್ಸಿ ಮಾಡಿ. ನಿಮ್ಮ ಹೆಸರಿನಲ್ಲೇ ಒಂದು ಆಕ್ಸಿಡೆಂಟ್ ಪಾಲಿಸಿ ಮಾಡಿಸಿ, ಅದು ಯಾರ ಕಾರು ಅಂತ ಕೇಳುವುದಿಲ್ಲ. ಅದೂ ಆಗದಿದ್ದರೆ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಫಾರಂ ತುಂಬಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. 18ರಿಂದ 70 ವರ್ಷದವರೆಗೆ ಬ್ಯಾಂಕ್ ಖಾತೆ ಇರುವ ಯಾರು ಬೇಕಾದರೂ ಮಾಡಿಸಬಹುದು. ಬಾಂಡ್ ಪೇಪರಿಗೆ ಸುರಿಯುವ ದುಡ್ಡಿನಲ್ಲಿ ಐದು ವರ್ಷದ ಕಂತು ಮುಗಿಯುತ್ತದೆ.

ಪ್ರಶ್ನೆ: ಹೋಮ್‌ಸ್ಟೇ ಅತಿಥಿಗಳು ವಯನಾಡಿಗೆ ಹೋಗಿಬರಲು ನಮ್ಮ ವೈಟ್ ಬೋರ್ಡ್ ಕಾರನ್ನು ದಿನದ ಬಾಡಿಗೆಗೆ ಕೊಡಬಹುದಾ?

ಉತ್ತರ: ಕೊಡಬೇಡಿ. ಅದು ಪರ್ಮಿಟ್ ಇಲ್ಲದ ಬಾಡಿಗೆ ಗಾಡಿ ಆಗುತ್ತದೆ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಇದನ್ನೇ ಹಿಡಿದುಕೊಳ್ಳುತ್ತಾರೆ.

ಪ್ರಶ್ನೆ: ಮಗನಿಗೆ 17. ಚೆನ್ನಾಗಿ ಓಡಿಸುತ್ತಾನೆ. ಕುಟ್ಟದಿಂದ ತೋಲ್ಪೆಟ್ಟಿ ತನಕ ಅವನ ಕೈಗೆ ಕೊಡಬಹುದಾ? ಹತ್ತಿರವೇ ಅಲ್ವಾ?

ಉತ್ತರ: ಬೇಡ. ಈ ವಯಸ್ಸಿನಲ್ಲಿ ಅವನು ಕಾರು ಓಡಿಸುವುದೇ ಅಪರಾಧ, ಅದಕ್ಕೆ ನಿಮಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಅವನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.

ಪ್ರಶ್ನೆ: ತಂದೆ ತೀರಿಕೊಂಡರು. ಕಾರು ಅವರ ಹೆಸರಿನಲ್ಲೇ ಇದೆ. ಓಡಿಸಬಹುದಾ?

ಉತ್ತರ: ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳು ಓಡಿಸಬಹುದು. ಅಷ್ಟರೊಳಗೆ ಹೆಸರು ಬದಲಾಯಿಸಲು ಅರ್ಜಿ ಕೊಡಿ. ತಂದೆಯ ಹೆಸರು ಅಳಿಸಲು ಮನಸ್ಸು ಬರುವುದಿಲ್ಲ ಅಂತ ಬರೆದಿದ್ದೀರಿ. ನನಗೆ ಅರ್ಥವಾಗುತ್ತದೆ, ಆದರೂ ತಡ ಮಾಡಬೇಡಿ.

ಪ್ರಶ್ನೆ: ಸ್ನೇಹಿತ ನನ್ನ ಕಾರು ತೆಗೆದುಕೊಂಡು ತಲಶ್ಶೇರಿಗೆ ಹೋಗುತ್ತಾನೆ. ಡಿಕ್ಕಿಯಲ್ಲಿ ಒಂದು ಕೇಸ್ ಮದ್ಯದ ಬಾಟಲಿ ಇಟ್ಟುಕೊಳ್ಳುತ್ತಾನಂತೆ. ನನಗೇನಾದರೂ ತೊಂದರೆಯಾ?

ಉತ್ತರ: ತೊಂದರೆ ನಿಮಗೇ ಜಾಸ್ತಿ. ಕೂಟುಪುಳದಲ್ಲಿ ಕೇರಳದ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡುತ್ತಾರೆ. ಕೇರಳದ ಅಬಕಾರಿ ಕಾಯ್ದೆಯಲ್ಲಿ ಬಾಟಲಿಯ ಜೊತೆ ಕಾರನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ನನಗೆ ಗೊತ್ತಿರಲಿಲ್ಲ, ಎಚ್ಚರಿಕೆ ವಹಿಸಿದ್ದೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು. ನಿಮಗಂತೂ ಈಗಲೇ ಗೊತ್ತಿದೆ. ಕೀ ಕೊಡಬೇಡಿ.