ಷೆಂಗೆನ್ ವೀಸಾ ‘ಎಸ್‌ಐಎಸ್‌ನಲ್ಲಿ ಹೆಸರಿದೆ’ ಅಂತ ತಿರಸ್ಕಾರವಾಗಿದೆ. ಹೊಸ ಪಾಸ್‌ಪೋರ್ಟ್ ಮಾಡಿಸಲೇ, ಏಜೆಂಟ್‌ಗೆ ದುಡ್ಡು ಕೊಡಲೇ?

ಎರಡೂ ಮಾಡಬೇಡ್ರಿ. ಎಸ್‌ಐಎಸ್ ಅಂದರೆ ಷೆಂಗೆನ್ ಮಾಹಿತಿ ವ್ಯವಸ್ಥೆ: ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳು ‘ಇವರನ್ನು ಒಳಗೆ ಬಿಡಬೇಡಿ’ ಎಂಬಂಥ ಸೂಚನೆ, ಅಂದರೆ ಅಲರ್ಟ್, ಹಾಕಿಡುವ ಹಂಚಿಕೆಯ ದಾಖಲೆ. ಜಮಖಂಡಿಯಲ್ಲಿ ನಿಮ್ಮ ಕೈಗೆ ಬಂದಿರುವ ಆ ಹಾಳೆ 2023ರ ಜನವರಿಯಲ್ಲಿ ಬೆಳಗಾವಿಯಲ್ಲಿ ನನ್ನ ಕೈಗೂ ಬಂದಿತ್ತು. ಚೌಕದೊಳಗೆ ಒಂದು ಗುರುತು, ಅದರ ಮುಂದೆ ‘ಷೆಂಗೆನ್ ಮಾಹಿತಿ ವ್ಯವಸ್ಥೆಯಲ್ಲಿ ಪ್ರವೇಶ ನಿರಾಕರಣೆಯ ಅಲರ್ಟ್ ಇದೆ’ ಅನ್ನುವ ಸಾಲು, ಸಾಲಿನ ಕೊನೆಗೆ ಒಂದು ದೇಶದ ಹೆಸರು. ನಾನು ವೀಸಾ ಕೇಳಿದ್ದು ಬೇರೆ ದೇಶಕ್ಕೆ, ಅಲರ್ಟ್ ಹಾಕಿದ್ದು ಇನ್ನೊಂದು ದೇಶ.

ಉದ್ಯಮಬಾಗದ ಒಂದು ಕಾರ್ಖಾನೆಯಿಂದ 2020ರ ಫೆಬ್ರವರಿಯಲ್ಲಿ ಅಲರ್ಟ್ ಹಾಕಿದ ಆ ದೇಶಕ್ಕೆ ಮಷೀನ್ ಕೂಡಿಸಿ ಚಾಲೂ ಮಾಡಿಕೊಡಲು ಹೋಗಿದ್ದೆ. ಮಾರ್ಚ್‌ನಲ್ಲಿ ವಿಮಾನ ನಿಂತವು, ವೀಸಾ ಮುಗಿಯಿತು, ವಿಸ್ತರಣೆಗೆ ಅರ್ಜಿ ಹಾಕಬೇಕು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜುಲೈನಲ್ಲಿ ಹೊರಡುವಾಗ ವಿಮಾನ ನಿಲ್ದಾಣದ ಗಡಿ ಪೊಲೀಸರು ನನಗೆ ಓದಲು ಬಾರದ ಭಾಷೆಯ ಎರಡು ಹಾಳೆಗೆ ಸಹಿ ಹಾಕಿಸಿಕೊಂಡರು. ಅದು ವಾಪಸಾತಿ ಆದೇಶ, ಜೊತೆಗೆ ಎರಡು ವರ್ಷದ ಪ್ರವೇಶ ನಿಷೇಧ. ಕೇಳಿದರೆ ಆದೇಶದ ಮುಖ್ಯಾಂಶಗಳನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಅಂತ ಯುರೋಪ್ ಒಕ್ಕೂಟದ 2008ರ ವಾಪಸಾತಿ ನಿರ್ದೇಶನದ 12ನೇ ವಿಧಿ ಹೇಳುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಪ್ರತಿಯನ್ನು ಬ್ಯಾಗಿನಲ್ಲಿ ತುರುಕಿದೆ, ಊರಿಗೆ ಬಂದ ಮೇಲೆ ಎಲ್ಲೋ ಹೋಯಿತು.

ಆದರೆ ನನಗೆ ದುಬಾರಿಯಾದ ತಪ್ಪು ಅದಲ್ಲ. ನನ್ನ ಬಗ್ಗೆ ಏನು ಬರೆದಿಟ್ಟಿದ್ದಾರೆ ಅಂತ ಕೇಳುವ ಮೊದಲೇ ಅದನ್ನು ಅಳಿಸಿ ಅಂತ ಕೇಳಿದೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇವತ್ತೋ ನಾಳೆಯೋ ಅದನ್ನೇ ಮಾಡುವವರಿದ್ದೀರಿ. ನಾನು ನಾಲ್ಕು ಪುಟದ ಪತ್ರ ಬರೆದೆ. ಲಾಕ್‌ಡೌನ್, ರದ್ದಾದ ಟಿಕೆಟ್, ಕಂಪನಿಯ ಪತ್ರ, ಪಗಾರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಎಲ್ಲ ಲಗತ್ತಿಸಿ ಆ ದೇಶದ ವಲಸೆ ಕಚೇರಿಗೆ ಕಳಿಸಿದೆ. ಅವರು ಅದನ್ನು ನಿಷೇಧದ ಮರುಪರಿಶೀಲನೆಯ ಮನವಿ ಅಂತ ಓದಿಕೊಂಡರು. ಅದರ ವಿಭಾಗ ಬೇರೆ, ಕಾನೂನು ಬೇರೆ, ಅವಧಿ ಬೇರೆ. ಮಾಹಿತಿ ರಕ್ಷಣೆಯ ಕಾನೂನಿನಲ್ಲಿ ಉತ್ತರಕ್ಕೆ ಒಂದು ತಿಂಗಳ ಗಡುವಿದೆ. ಆದರೆ ನಾನು ಆ ಕಾನೂನಿನಡಿ ಏನನ್ನೂ ಕೇಳಿರಲೇ ಇಲ್ಲ, ಹಾಗಾಗಿ ಗಡುವು ಶುರುವೇ ಆಗಲಿಲ್ಲ. ಐದು ತಿಂಗಳಿಗೆ ಒಂದು ಸಾಲಿನ ಉತ್ತರ ಬಂತು: ಆದೇಶ ಬದಲಿಸಲು ಕಾರಣವಿಲ್ಲ. ಅಷ್ಟರಲ್ಲಿ ವೀಸಾ ತಿರಸ್ಕಾರದ ಮೇಲ್ಮನವಿ ಅವಧಿಯೂ ಮುಗಿದಿತ್ತು. ನನ್ನ ಜಾಗದಲ್ಲಿ ಕಂಪನಿ ಬೇರೆಯವರನ್ನು ಕಳಿಸಿತು.

ಇಷ್ಟಾದ ಮೇಲೆ ಗೊತ್ತಾಗಿದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. ನಾಲ್ಕು ಪುಟದಲ್ಲಿ ನಾನು ವಾದ ಮಾಡಿದ್ದು ಯಾವ ನಿಷೇಧದ ವಿರುದ್ಧವೋ, ಆ ನಿಷೇಧ 2022ರ ಜುಲೈನಲ್ಲೇ ತಾನಾಗಿ ಮುಗಿದುಹೋಗಿತ್ತು. ವ್ಯವಸ್ಥೆಯಲ್ಲಿ ಮಾತ್ರ ಯಾರೋ ಅಂತ್ಯದ ದಿನಾಂಕವನ್ನು 2025 ಅಂತ ದಾಖಲಿಸಿದ್ದರು. ನನಗೆ ಬೇಕಾಗಿದ್ದದ್ದು ಕರುಣೆಯಲ್ಲ, ಒಂದು ದಿನಾಂಕದ ತಿದ್ದುಪಡಿ. ಹೊಲದ ಉತಾರದಲ್ಲಿ ಹೆಸರು ತಪ್ಪಾಗಿದ್ದರೆ ನಾವು ಮೊದಲು ಉತಾರ ತೆಗೆಸುತ್ತೇವೆ, ಯಾವ ಕಾಲಂನಲ್ಲಿ ಏನು ತಪ್ಪಿದೆ ನೋಡುತ್ತೇವೆ, ಆಮೇಲೆ ತಿದ್ದುಪಡಿ ಅರ್ಜಿ ಕೊಡುತ್ತೇವೆ. ಉತಾರ ನೋಡದೆ ತಹಶೀಲ್ದಾರರ ಮುಂದೆ ನಿಂತು ‘ಅಜ್ಜನ ಕಾಲದಿಂದ ನಾವೇ ಉಳುತ್ತಾ ಬಂದೇವ್ರಿ’ ಅಂದರೆ ಅವರಾದರೂ ಏನು ಮಾಡಿಯಾರು? ನಾನು ಮಾಡಿದ್ದು ಅದನ್ನೇ.

ಆಗಸ್ಟ್‌ನಲ್ಲಿ ಎರಡನೇ ಪತ್ರ ಬರೆದೆ, ಒಂದೇ ಪುಟ. ಮೇಲೆ ವಿಷಯ: 2018/1861ನೇ ಯುರೋಪ್ ಒಕ್ಕೂಟದ ನಿಯಮಾವಳಿಯ 53ನೇ ವಿಧಿ ಮತ್ತು ಜಿಡಿಪಿಆರ್‌ನ 15ನೇ ವಿಧಿಯಡಿ ನನ್ನ ಮಾಹಿತಿ ಪಡೆಯುವ ಅರ್ಜಿ. ಮೊದಲನೆಯದು ಎಸ್‌ಐಎಸ್‌ನ ನಿಯಮ, ಎರಡನೆಯದು ಯುರೋಪ್ ಒಕ್ಕೂಟದ ಮಾಹಿತಿ ರಕ್ಷಣೆಯ ಕಾನೂನು. ಕೆಳಗೆ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆ ಪೂರ್ತಿ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ರಾಷ್ಟ್ರೀಯತೆ, ಹಳೆಯ ಮತ್ತು ಈಗಿನ ಪಾಸ್‌ಪೋರ್ಟ್ ಸಂಖ್ಯೆ, ಅಂಚೆ ವಿಳಾಸ, ಇಮೇಲ್. ಆಮೇಲೆ ಕೇಳಬೇಕಾದದ್ದು ಇಷ್ಟು: ನನ್ನ ಹೆಸರಿನಲ್ಲಿ ಅಲರ್ಟ್ ಇದೆಯೇ, ಯಾವ ವಿಧಿಯಡಿ, ಹಾಕಿದ ಕಚೇರಿ ಯಾವುದು, ಅದಕ್ಕೆ ಆಧಾರವಾದ ಆದೇಶದ ಸಂಖ್ಯೆ ಮತ್ತು ದಿನಾಂಕ, ಯಾವಾಗ ಮುಗಿಯುತ್ತದೆ ಅಥವಾ ಪರಿಶೀಲನೆಗೆ ಬರುತ್ತದೆ, ಫೋಟೋ ಮತ್ತು ಬೆರಳಚ್ಚು ಸೇರಿದೆಯೇ, ಯಾರ ಜೊತೆ ಹಂಚಿಕೊಂಡಿದ್ದಾರೆ. ಕೊನೆಗೆ ಆ ಆದೇಶದ ಒಂದು ಪ್ರತಿ ಕೊಡಿ ಅಂತಲೂ ಬರೆಯಿರಿ. ಪಾಸ್‌ಪೋರ್ಟ್‌ನ ಫೋಟೋ ಇರುವ ಪುಟದ ಸ್ಪಷ್ಟ ಪ್ರತಿ ಲಗತ್ತಿಸಿ, ಪೆನ್ನಿನಿಂದ ಸಹಿ ಹಾಕಿ. ವಕೀಲರ ಮೂಲಕ ಕಳಿಸುವುದಾದರೆ ಸಹಿ ಮಾಡಿದ ಅಧಿಕಾರ ಪತ್ರ ಬೇಕು. ಅದಿಲ್ಲದೆ ಕಳಿಸಿದರೆ ಗುರುತು ಖಾತ್ರಿಯಾಗಿಲ್ಲ ಅಂತ ವಾಪಸ್ ಬರುತ್ತದೆ. ಅರ್ಜಿಗೆ ಶುಲ್ಕವಿಲ್ಲ. ದಯವಿಟ್ಟು ನಿಮ್ಮ ಕಷ್ಟದ ಕಥೆಯನ್ನು ಇದರಲ್ಲಿ ಒಂದು ಸಾಲೂ ಸೇರಿಸಬೇಡಿ.

ಎಲ್ಲಿಗೆ ಕಳಿಸಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿ ಹಾಕಿದ್ದರೆ ವೀಸ್‌ಬಾಡೆನ್‌ನಲ್ಲಿರುವ ಕೇಂದ್ರ ಅಪರಾಧ ಪೊಲೀಸ್ ಕಚೇರಿ, ಬುಂಡೆಸ್‌ಕ್ರಿಮಿನಾಲಾಮ್ಟ್. ಪ್ರತಿ ದೇಶದ ಮಾಹಿತಿ ರಕ್ಷಣಾ ಪ್ರಾಧಿಕಾರದ ಜಾಲತಾಣದಲ್ಲಿ ವಿಳಾಸವೂ ಮಾದರಿ ಪತ್ರವೂ ಸಿಗುತ್ತವೆ. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಿ ಕೇಳಬೇಡಿ, ಅವರು ಕಾಗದ ತೆಗೆದುಕೊಂಡು ಮುಂದೆ ಕಳಿಸುವವರು ಮಾತ್ರ. ಹೆಡ್ ಪೋಸ್ಟ್ ಆಫೀಸಿನಿಂದ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಅದೇ ದಿನ ಪಿಡಿಎಫ್ ಮಾಡಿ ಇಮೇಲ್ ಕೂಡ ಮಾಡಿ.

ಒಂದು ತಿಂಗಳಲ್ಲಿ ಉತ್ತರಿಸಬೇಕು. ಕ್ಲಿಷ್ಟ ಪ್ರಕರಣ ಅಂತ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು, ಆದರೆ ಅದನ್ನೂ ಮೊದಲ ತಿಂಗಳೊಳಗೇ ನಿಮಗೆ ತಿಳಿಸಬೇಕು. ಸುಮ್ಮನಿದ್ದರೆ, ಅಥವಾ ಭದ್ರತೆಯ ಕಾರಣ ಹೇಳಿ ‘ತಿಳಿಸಲಾಗದು’ ಅಂದರೆ, ಆ ದೇಶದ ಮಾಹಿತಿ ರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಡಿ. ನಿಮಗೆ ತೋರಿಸದಿದ್ದರೂ ಕಡತವನ್ನು ತಾವು ಪರಿಶೀಲಿಸುವ ಅಧಿಕಾರ ಅವರಿಗಿದೆ. ಅದರಾಚೆಗೆ 2018/1861ನೇ ನಿಯಮಾವಳಿಯ 54ನೇ ವಿಧಿ ಇದೆ: ಅಲರ್ಟ್ ಹಾಕಿದ ದೇಶದಲ್ಲೇ ಅಂತಿಲ್ಲ, ಯಾವುದೇ ಸದಸ್ಯ ದೇಶದ ನ್ಯಾಯಾಲಯಕ್ಕೂ ಹೋಗಬಹುದು, ನಷ್ಟ ಪರಿಹಾರವನ್ನೂ ಕೇಳಬಹುದು.

ನನಗೆ 26 ದಿನಕ್ಕೆ ಉತ್ತರ ಬಂತು, ಆದೇಶದ ಪ್ರತಿಯ ಸಮೇತ. ಅದರಲ್ಲಿ ನಿಷೇಧ ಎರಡು ವರ್ಷ, ಅಲರ್ಟ್‌ನಲ್ಲಿ ಐದು ವರ್ಷ. ಇಲ್ಲೊಂದು ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ನಿಷೇಧದ ಅವಧಿ ಆದೇಶ ಬರೆದ ದಿನದಿಂದಲ್ಲ, ನೀವು ನಿಜವಾಗಿ ಹೊರಬಿದ್ದ ದಿನದಿಂದ ಶುರುವಾಗುತ್ತದೆ. ಯುರೋಪ್ ಒಕ್ಕೂಟದ ನ್ಯಾಯಾಲಯ 2017ರ ಜುಲೈ 26ರಂದು ಸಿ-225/16 ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ಹೊರಟ ದಿನದ ಪುರಾವೆಯೇ ಮುಖ್ಯ. ನಿರ್ಗಮನದ ಮೊಹರು, ಇಲ್ಲಿ ಇಳಿದಾಗ ಹಾಕಿದ ಆಗಮನದ ಮೊಹರು, ಬೋರ್ಡಿಂಗ್ ಪಾಸ್, ಈ ಮೂರನ್ನೂ ಆದೇಶದ ಪ್ರತಿಯನ್ನೂ ಇಟ್ಟು, ಅರ್ಧ ಪುಟದ ತಿದ್ದುಪಡಿ ಮತ್ತು ಅಳಿಸುವಿಕೆ ಅರ್ಜಿ ಹಾಕಿದೆ. ನವೆಂಬರ್‌ನಲ್ಲಿ ಅಲರ್ಟ್ ತೆಗೆದಿದ್ದೇವೆ ಅಂತ ಲಿಖಿತ ಉತ್ತರ ಬಂತು. ಫೆಬ್ರವರಿಯಲ್ಲೇ ಹೀಗೆ ಮಾಡಿದ್ದರೆ ಮೇ ತಿಂಗಳೊಳಗೆ ಮುಗಿಯುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. 2018ರಿಂದ ಎಸ್‌ಐಎಸ್‌ನಲ್ಲಿ ಬೆರಳಚ್ಚಿನಿಂದಲೇ ಹುಡುಕುವ ವ್ಯವಸ್ಥೆ ಇದೆ. ವೀಸಾಕ್ಕೆ ಕೊಟ್ಟ ಹತ್ತು ಬೆರಳಿನ ಗುರುತು ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಇರುತ್ತದೆ. ಹಿಂದೆ ಬೆರಳಚ್ಚು ಕೊಟ್ಟಿದ್ದೀರಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ, ಅಲ್ಲಿ ಸುಳ್ಳು ಬರೆದರೆ ಈಗ ಇಲ್ಲದ ತಪ್ಪನ್ನು ನೀವೇ ಹುಟ್ಟಿಸಿಕೊಂಡಂತೆ. ಏಜೆಂಟ್ ಹೆಸರು ತೆಗೆಸುತ್ತೇನೆ ಅಂದದ್ದು ಶುದ್ಧ ಮೋಸ. ಅಲರ್ಟ್ ಹಾಕಿದ ದೇಶ ಬಿಟ್ಟರೆ ಬೇರೆ ಯಾವ ದೇಶಕ್ಕೂ ಅದನ್ನು ತಿದ್ದುವ, ಅಳಿಸುವ ಅಧಿಕಾರ ಇಲ್ಲ. ದೇಶಗಳಿಗೇ ಇಲ್ಲದ್ದು ಜಮಖಂಡಿ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಎಲ್ಲಿಂದ ಬರಬೇಕು? ನಮ್ಮ 2023ರ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆ ಉಪಯೋಗಕ್ಕೆ ಬಂದೀತೇ ಅಂತಲೂ ಕೇಳಿದ್ದೀರಿ. ಬೇರೆ ದೇಶದ ಗಡಿ ಪೊಲೀಸರ ಕಡತಕ್ಕೆ ಅದು ಮುಟ್ಟುವುದಿಲ್ಲ. ಮುಟ್ಟುವುದು ಅವರದೇ ಕಾನೂನು, ಮತ್ತು ಅದು ನಿಮ್ಮ ಪೌರತ್ವ ನೋಡುವುದಿಲ್ಲ. ಭಾರತೀಯ, ಈಗ ಯುರೋಪಿನಲ್ಲಿ ಇಲ್ಲ, ಅಂತ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ.

ನಿಮ್ಮ ಹಾಳೆಯಲ್ಲಿರುವ ದೇಶಕ್ಕೆ ಕಾಲಿಟ್ಟೇ ಇಲ್ಲ ಅಂತ ಬರೆದಿದ್ದೀರಿ, ಅಡ್ಡಹೆಸರು ಪಾಟೀಲ ಅಂತಲೂ ಇದೆ. ನಮ್ಮ ಕಡೆ ಒಂದೇ ಊರಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಕೂಡಿಬರುವವರು ಇರುತ್ತಾರೆ. ಅದು ಬೇರೆಯವರ ಅಲರ್ಟ್ ಇರಬಹುದು, ಅಥವಾ ಯಾರೋ ನಿಮ್ಮ ಕಾಗದ ಬಳಸಿರಬಹುದು. ಕಾಗದ ಬಳಸಿದ್ದರೆ ನಿಮ್ಮ ಒಪ್ಪಿಗೆ ಪಡೆದು, ಈ ವ್ಯಕ್ತಿ ಬೇರೆ ಅಂತ ಗುರುತಿಸುವ ಹೆಚ್ಚುವರಿ ಮಾಹಿತಿಯನ್ನು ಅಲರ್ಟ್‌ಗೆ ಸೇರಿಸುವ ಅವಕಾಶ 2018/1861ನೇ ನಿಯಮಾವಳಿಯಲ್ಲಿದೆ. ಅದಕ್ಕೂ ಮೊದಲ ಮೆಟ್ಟಿಲು ಆ ಒಂದು ಪುಟದ ಅರ್ಜಿಯೇ.

ಅಲರ್ಟ್ ತೆಗೆದ ಮೇಲೆ ಲಿಖಿತ ಉತ್ತರ ಕೈಗೆ ಬರುವವರೆಗೆ ಹೊಸ ವೀಸಾ ಅರ್ಜಿ ಹಾಕಬೇಡಿ. ಬಂದ ಮೇಲೆ ಅದರ ಪ್ರತಿಯನ್ನು ಅರ್ಜಿಯ ಮೊದಲ ಲಗತ್ತಾಗಿ ಇಡಿ. ಹಳೆಯ ತಿರಸ್ಕಾರ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಕಾಣುತ್ತಲೇ ಇರುತ್ತದೆ, ಕೇಳಿದರೆ ಹೌದು ಅನ್ನಿ, ಈ ಪತ್ರ ತೋರಿಸಿ. ಹೋಗಿ ಬರುವಾಗ ದಿನಗಳ ಲೆಕ್ಕ ನೀವೇ ಇಡಿ: ಯಾವುದೇ 180 ದಿನದಲ್ಲಿ 90 ದಿನ. 2025ರ ಅಕ್ಟೋಬರ್ 12ರಿಂದ ಅಲ್ಲಿನ ಗಡಿಯಲ್ಲಿ ಮುಖದ ಚಿತ್ರ ತೆಗೆದುಕೊಂಡು ಒಳಬಂದ, ಹೊರಹೋದ ದಿನವನ್ನು ಯಂತ್ರವೇ ಬರೆದಿಡುವ ವ್ಯವಸ್ಥೆ ಶುರುವಾಗಿದೆ. ಹೊರಬಿದ್ದದ್ದು ಅದರಲ್ಲಿ ದಾಖಲಾಗದೆ ಹೋದರೆ ಹೆಚ್ಚು ದಿನ ಉಳಿದವರ ಪಟ್ಟಿಗೆ ಹೆಸರು ತಾನಾಗಿ ಸೇರುತ್ತದೆ, ಆಗ ನಿಮ್ಮ ಕೈಹಿಡಿಯುವುದು ಬೋರ್ಡಿಂಗ್ ಪಾಸ್. ಕಾಗದದ್ದೇ ತೆಗೆದುಕೊಳ್ಳಿ, ಮನೆಗೆ ಬಂದ ದಿನವೇ ಪಾಸ್‌ಪೋರ್ಟ್ ಜೊತೆ ಇಟ್ಟುಬಿಡಿ.