ಅಪ್ಪನ ಹಳೆಯ ಫ್ಲಾಪಿಗಳಲ್ಲಿರುವ ವರ್ಡ್‌ಸ್ಟಾರ್, ಪೇಜ್‌ಮೇಕರ್ ಫೈಲುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪತ್ರ ಟೈಪ್ ಮಾಡುವ ವರ್ಡ್‌ಸ್ಟಾರ್, ಪುಟ ಜೋಡಿಸುವ ಪೇಜ್‌ಮೇಕರ್, ಈ ಹಳೆಯ ಸಾಫ್ಟ್‌ವೇರ್ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಪಿಡಿಎಫ್ ಮಾಡಿಟ್ಟರೆ ಸಾಕಾ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಪಿಡಿಎಫ್ ಸಾಲದು. ಯಾಕೆ ಅಂತ ಹೇಳುತ್ತೇನೆ. ನಾನೂ ಇದೇ ದಾರಿಯಲ್ಲಿ ಹೋಗಿ ಕಳೆದುಕೊಂಡಿದ್ದೇನೆ.

ನಮ್ಮ ದೊಡ್ಡಪ್ಪ ಒಕ್ಕದ, ಅಂದರೆ ನಮ್ಮ ಕೊಡವ ಮನೆತನದ, ವಂಶಾವಳಿ ಬರೆದಿಟ್ಟಿದ್ದರು. ಐನ್‌ಮನೆ ಎಂಬ ಮೂಲ ಮನೆಯಿಂದ ಯಾರು ಯಾವ ಊರಿಗೆ ಹೋದರು, ಯಾವ ಮನೆಯಿಂದ ಹೆಣ್ಣು ತಂದರು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನಲ್ಲಿ ಯಾರು ಎಲ್ಲಿ ಗದ್ದೆ ಮಾಡುತ್ತಿದ್ದರು, ಎಲ್ಲ ಅದರಲ್ಲಿತ್ತು. ಜೊತೆಗೆ ದುಡಿ ವಾದ್ಯ ಹಿಡಿದು ಹಾಡುತ್ತಿದ್ದ ಹಿರಿಯರನ್ನು ಕೂರಿಸಿಕೊಂಡು ಬರೆದುಕೊಂಡ ಹಾಡುಗಳು. ಹಾಡುಗಳೆಲ್ಲ ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಲಿಪಿ ಮಾತ್ರ ಕನ್ನಡ. ಕೊಡಗಿನ ಗೋಣಿಕೊಪ್ಪದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಆ ಅಂಗಡಿ ಈಗ ಇಲ್ಲ. ದೊಡ್ಡಪ್ಪನೂ ಇಲ್ಲ. ಫ್ಲಾಪಿಗಳು ಟ್ರಂಕಿನಲ್ಲಿದ್ದವು. ಕೆಲವು ಫೈಲುಗಳನ್ನು ಹಿಂದೆಯೇ ಯಾರೋ ಮನೆಯ ಕಂಪ್ಯೂಟರಿಗೆ ಹಾಕಿಟ್ಟಿದ್ದರು.

ನಾನು ಕೈ ಹಾಕಿದ್ದು ಆ ಕಂಪ್ಯೂಟರಿನಲ್ಲಿದ್ದ ವರ್ಡ್ ಫೈಲುಗಳಿಗೆ. ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು, ಮೇಲೆಲ್ಲ ಗೀಟು, ಚುಕ್ಕಿ. ಫೈಲು ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಇದನ್ನು ದಯವಿಟ್ಟು ಸ್ವಲ್ಪ ನಿಧಾನವಾಗಿ ಓದಿ. ನುಡಿ, ಬರಹ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ಕನ್ನಡ ಅನ್ನುವುದೇ ಇರುವುದಿಲ್ಲ. ಇರುವುದು 256ರೊಳಗಿನ ಸಂಖ್ಯೆಗಳು. ಮೊದಲ 128 ಇಂಗ್ಲಿಷ್ ಅಕ್ಷರ, ಅಂಕಿ ಇತ್ಯಾದಿಗೆ. ಉಳಿದ ಅರ್ಧ ಯುರೋಪಿನ ಬೇರೆ ಭಾಷೆಗಳ ಅಕ್ಷರಗಳಿಗೆ. ನಮ್ಮ ಫಾಂಟ್ ಮಾಡಿದವರು ಅದೇ ಜಾಗಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಕೂರಿಸಿದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಗಲೀಜು ಕಾಣುತ್ತದೆ. ಫೈಲು ಎರಡರಲ್ಲೂ ಒಂದೇ.

ಇದು ಗೊತ್ತಿಲ್ಲದೆ, ಪಠ್ಯವನ್ನಾದರೂ ಬೇರೆ ಮಾಡೋಣ ಎಂದು ‘ಪ್ಲೇನ್ ಟೆಕ್ಸ್ಟ್’ ಆಗಿ ಸೇವ್ ಮಾಡಲು ಹೋದೆ. ಯಾವ ಎನ್‌ಕೋಡಿಂಗ್, ಅಂದರೆ ಅಕ್ಷರಗಳಿಗೆ ಯಾವ ಸಂಖ್ಯಾಪಟ್ಟಿ, ಎಂದು ವರ್ಡ್ ಕೇಳಿತು. ಇಂಥ ಫಾಂಟ್‌ಗಳನ್ನು ನಮ್ಮಲ್ಲಿ ಎಲ್ಲರೂ ಆಸ್ಕಿ ಫಾಂಟ್ ಅಂತಲೇ ಕರೆಯುತ್ತಾರಲ್ವಾ? ಪಟ್ಟಿಯಲ್ಲಿ ‘ಯುಎಸ್ ಆಸ್ಕಿ’ ಇತ್ತು, ಅದನ್ನೇ ಒತ್ತಿದೆ. ನಿಜವಾದ ಆಸ್ಕಿ ಅಂದರೆ ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಟ್ಟ ಹಳೆಯ ಪಟ್ಟಿ, ಅದರಲ್ಲಿ ಇರುವುದು 128 ಸ್ಥಾನ ಮಾತ್ರ. ಅದರಾಚೆಯದೆಲ್ಲ ಪ್ರಶ್ನೆಚಿಹ್ನೆ ಆಗಿಬಿಡುತ್ತದೆ. ಕೆಂಪು ಬಣ್ಣದಲ್ಲಿರುವುದು ಸರಿಯಾಗಿ ಉಳಿಯುವುದಿಲ್ಲ ಎಂದು ವರ್ಡ್ ಎಚ್ಚರಿಕೆಯನ್ನೂ ಕೊಡುತ್ತದೆ. ಹೇಗೂ ಓದಲು ಬಾರದ ಅಕ್ಷರ, ಕೆಂಪಾದರೇನು ಎಂದು ಮುಂದೆ ಹೋದೆ.

ಎಷ್ಟು ಹೋಗುತ್ತದೆ ಅಂದರೆ, ನುಡಿ ಫಾಂಟಿನಲ್ಲಿ ‘ಕನ್ನಡ’ ಎಂಬ ಪದ ಏಳು ಸಂಕೇತಗಳಿಂದ ಆಗುತ್ತದೆ. ಅವುಗಳಲ್ಲಿ ‘ಕ’ ಮತ್ತು ‘ಡ’ಗಳ ತಲೆಕಟ್ಟಿಲ್ಲದ ಬುಡ ಮಾತ್ರ ಮೊದಲ 128ರಲ್ಲಿವೆ. ಮೂರು ತಲೆಕಟ್ಟು, ‘ನ’, ಅದರ ಒತ್ತು, ಈ ಐದೂ ಪ್ರಶ್ನೆಚಿಹ್ನೆಯಾಗುತ್ತವೆ. ಬರಿಯ ಕನ್ನಡವಾಗಿದ್ದರೆ ಊಹಿಸಿ ತುಂಬಬಹುದಿತ್ತೇನೋ. ಕೊಡವ ತಕ್ಕ್‌ನ ಹಳೆಯ ಹಾಡಿನ ಸಾಲು, ಮನೆತನದ ಹೆಸರು, ಇದನ್ನೆಲ್ಲ ಯಾವ ಸಾಫ್ಟ್‌ವೇರೂ ಊಹಿಸುವುದಿಲ್ಲ. ‘ಸ್ವಚ್ಛ’ ಫೈಲು ಸಿಕ್ಕಿತಲ್ಲ ಎಂದು ಮೂಲ ಫೈಲುಗಳನ್ನೂ ಅಳಿಸಿದ್ದೆ. ಫ್ಲಾಪಿಗೆ ವಾಪಸ್ ಹೋದರೆ ಅದಕ್ಕೆ ಬೂಷ್ಟು ಹಿಡಿದಿತ್ತು. ಹೆಸರುಗಳು ವಿರಾಜಪೇಟೆಯ ಅತ್ತೆಯ ಹತ್ತಿರವಿದ್ದ ಪ್ರಿಂಟಿನಿಂದ ಮರಳಿ ಸಿಕ್ಕವು. ಹಾಡುಗಳಲ್ಲಿ ಹಲವು ಸಿಗಲಿಲ್ಲ. ಹಾಡಿದವರೂ ಈಗಿಲ್ಲ.

ಹಾಗಾಗಿ ಮೊದಲ ಕೆಲಸ ನಕಲು. ತೆರೆಯುವುದು ಆಮೇಲೆ. ಮೂರೂವರೆ ಇಂಚಿನ ಫ್ಲಾಪಿಯಾದರೆ ಮೂಲೆಯ ಚಿಕ್ಕ ಗುಂಡಿ ಸರಿಸಿ ಕಿಂಡಿ ಕಾಣುವಂತೆ ಮಾಡಿ, ಆಗ ಅದರ ಮೇಲೆ ಏನೂ ಬರೆಯಲಾಗದು. ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕು. ಐದೂಕಾಲು ಇಂಚಿನದಾದರೆ ಆ ಡ್ರೈವಿನಲ್ಲಿ ಆಗದು, ಹಳೆಯ ಕಂಪ್ಯೂಟರ್ ಇರುವವರನ್ನೇ ಹುಡುಕಬೇಕು. ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ಬೇಡ ಅನ್ನಿ. ನಮ್ಮ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರಬೇಡಿ, ಫೆಬ್ರುವರಿ–ಮಾರ್ಚ್ ಒಳ್ಳೆಯದು. ಲೋಹದ ಮುಚ್ಚಳ ಸರಿಸಿ ನೋಡಿ, ಬಿಳಿ ಕಲೆ ಕಂಡರೆ ಡ್ರೈವಿಗೆ ಹಾಕಲೇಬೇಡಿ. ಡ್ರೈವಿನ ಹೆಡ್‌ಗೆ ಬೂಷ್ಟು ಮೆತ್ತಿಕೊಂಡರೆ ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ಸುಮ್ನೆ ಹೇಳುತ್ತಿಲ್ಲ, ನಮ್ಮಲ್ಲಿ ಹಾಗೇ ಆಯಿತು.

ಎರಡನೆಯದು ಫಾಂಟ್. ಅಪ್ಪನ ಹಳೆಯ ಕಂಪ್ಯೂಟರ್ ಇನ್ನೂ ಮನೆಯಲ್ಲಿದ್ದರೆ ಗುಜರಿಗೆ ಕೊಡಬೇಡಿ. ಅದರ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಳ್ಳಿ. ಸಾಫ್ಟ್‌ವೇರಿಗಿಂತ ಅದು ನೂರು ಪಾಲು ಮೇಲು. ಫಾಂಟ್ ಹೆಸರು ಗೊತ್ತಾದರೆ ಹಳೆಯ ಸಂಖ್ಯೆಗಳನ್ನು ಯೂನಿಕೋಡಿಗೆ (ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಈಗಿನ ಪದ್ಧತಿ) ಬದಲಿಸುವ ಯಾವ ಪರಿವರ್ತಕ ಬಳಸಬೇಕು ಎಂಬುದು ಗೊತ್ತಾದಂತೆಯೇ. ನುಡಿ, ಬರಹಗಳಿಗೆ ಅವುಗಳ ಜೊತೆಯಲ್ಲೇ ಯೂನಿಕೋಡ್ ಪರಿವರ್ತಕ ಬರುತ್ತದೆ.

ಪೇಜ್‌ಮೇಕರ್ ಫೈಲುಗಳನ್ನು ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರಿನ ಸಿಎಸ್6 ಆವೃತ್ತಿ ತೆರೆಯುತ್ತದೆ, ಆದರೆ ಪೇಜ್‌ಮೇಕರ್ 6.0 ಮತ್ತು ಆಮೇಲಿನದ್ದಾಗಿರಬೇಕು. ಈಗಿನ ಇನ್‌ಡಿಸೈನ್ ತೆರೆಯುವುದಿಲ್ಲ. ದುಡ್ಡು ಹಾಕುವ ಮೊದಲು ಉಚಿತವಾದ ಲಿಬ್ರೆ ಆಫೀಸ್‌ನಲ್ಲಿ ಪ್ರಯತ್ನಿಸಿ.

ವರ್ಡ್‌ಸ್ಟಾರಿನ ಇಂಗ್ಲಿಷ್ ಪತ್ರಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಳೆಯ ಆವೃತ್ತಿಗಳು ಪದದ ಕೊನೆಯ ಅಕ್ಷರಕ್ಕೆ 128 ಕೂಡಿಸಿ ಇಡುತ್ತಿದ್ದವು. ಅದಕ್ಕೇ ಪದಗಳ ತುದಿ ಮಾತ್ರ ವಿಚಿತ್ರವಾಗಿ ಕಾಣುವುದು. ಆ 128 ಕಳೆದರೆ ಪತ್ರ ಓದಲು ಬರುತ್ತದೆ, ಪುಟ್ಟ ಪ್ರೋಗ್ರಾಮ್ ಬರೆಯಬಲ್ಲ ಯಾವ ಹುಡುಗ ಹುಡುಗಿಯಾದರೂ ಮಾಡಿಕೊಟ್ಟಾರು. ಮೂಲ ರೂಪದಲ್ಲೇ ನೋಡಬೇಕೆಂಬ ಆಸೆ ಇದ್ದರೆ, ಕೆನಡಾದ ಲೇಖಕ ರಾಬರ್ಟ್ ಸಾಯರ್ 2024ರಲ್ಲಿ ವರ್ಡ್‌ಸ್ಟಾರ್ 7ನ್ನು ಈಗಿನ ಕಂಪ್ಯೂಟರಿನಲ್ಲಿ ಓಡುವಂತೆ ಕಟ್ಟಿ ಎಲ್ಲರಿಗೂ ಇಟ್ಟಿದ್ದಾರೆ. ಅದನ್ನೂ ನಕಲಿನ ಮೇಲೆಯೇ ಓಡಿಸಿ.

ಪಿಡಿಎಫ್ ಯಾಕೆ ಸಾಲದು? ಹಳೆಯ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಚೆನ್ನಾಗಿರುತ್ತದೆ. ಒಳಗೆ ಅದೇ ಗಲೀಜು. ಹೆಸರು ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿದರೆ ಕನ್ನಡ ಬರುವುದಿಲ್ಲ. ಜೊತೆಗಿರಲಿ, ಆದರೆ ಯೂನಿಕೋಡ್ ಪಠ್ಯ ಬೇಕೇ ಬೇಕು.

ಪರಿವರ್ತನೆ ಆದಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಇಲ್ಲಿಯೇ. ಊರು, ಮನೆತನದ ಹೆಸರುಗಳನ್ನು ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿ ಸರಿ ನೋಡಿಸಿ, ಅವರು ಇರುವಾಗಲೇ.

ಫಾಂಟಿನ ಹೆಸರು ಪತ್ತೆಯಾದರೆ ಇಲ್ಲಿ ಬರೆಯಿರಿ. ಒಂದು ಪುಟದ ನಕಲು ಕಳಿಸಿದರೆ ನಾನೇ ಪರಿವರ್ತಿಸಿ ನೋಡುತ್ತೇನೆ.